12 ತಾಸಿನ ಅಂತರ

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ಒಂಬತ್ತು ವರ್ಷ ಆಯಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಸಣ್ಣ ಅಂಗಡಿ. ದಿನಕ್ಕೆ ಏನಿಲ್ಲವೆಂದರೂ ಏಳೆಂಟು ಚೀಟಿಗಳಲ್ಲಿ ಆ ಎರಡು ಔಷಧ ಜೊತೆಯಾಗಿಯೇ ಬರುತ್ತವೆ. ಒಂದು ಕ್ಲೊಪಿಡೋಗ್ರೆಲ್. ನಮ್ಮ ಕಡೆ ಜನ ಅದಕ್ಕೆ ರಕ್ತ ತೆಳು ಮಾಡೋ ಗುಳಿಗೆ ಅಂತಾರೆ. ಇನ್ನೊಂದು ಗ್ಯಾಸಿನ ಗುಳಿಗೆ. ಅದು ಒಮ್ಮೆ ಓಮೆಪ್ರಜೋಲ್ ಇರುತ್ತದೆ, ಒಮ್ಮೆ ಪ್ಯಾಂಟೊಪ್ರಜೋಲ್. ತಗೊಳ್ಳುವವರಿಗೆ ಎರಡೂ ಒಂದೇ, ಗ್ಯಾಸಿನದು.

ಕ್ಲೊಪಿಡೋಗ್ರೆಲ್ ಮತ್ತು ಓಮೆಪ್ರಜೋಲ್ ಒಟ್ಟಿಗೆ ಕೂಡಬಾರದು, ಕ್ಲೊಪಿಡೋಗ್ರೆಲ್ ಕೆಲಸ ಕಡಿಮೆಯಾಗುತ್ತದೆ ಅಂತ ನನಗೆ ಗೊತ್ತಿತ್ತು. ಹಾಗಾಗಿ ಅಂಥ ಚೀಟಿ ಬಂದಾಗಲೆಲ್ಲ ಒಂದು ಮಾತು ಹೇಳುತ್ತಿದ್ದೆ. "ಇದು ಮುಂಜಾನೆ ತಗೋರಿ, ಅದು ರಾತ್ರಿ ತಗೋರಿ. ನಡುವೆ 12 ತಾಸು ಬಿಡ್ರಿ." ಸ್ಟ್ರಿಪ್ ಮೇಲೆ ಪೆನ್ನಿನಲ್ಲಿ ಸೂರ್ಯ, ಚಂದ್ರ ಬರೆದು ಕೊಡುತ್ತಿದ್ದೆ, ಓದಲು ಬಾರದವರಿಗೂ ತಿಳಿಯಲಿ ಅಂತ. ನಮ್ಮಪ್ಪನಿಗೂ ಹಾಗೇ ಬರೆದು ಕೊಟ್ಟಿದ್ದೆ. ಅಪ್ಪ ದಾಲ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಎರಡು ವರ್ಷದ ಹಿಂದೆ ಎದೆ ನೋವು ಬಂದು ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಬೇಕಾಯಿತು. ಆಗಿನಿಂದ ಅವರ ಡಬ್ಬಿಯಲ್ಲೂ ಇವೆರಡೂ ಇವೆ.

ನಾನು ಹೇಳುತ್ತಿದ್ದ ಆ ಮಾತು ತಪ್ಪು. ಅದು ತಪ್ಪು ಅಂತ ತಿಳಿದದ್ದು ನಾನೇ ಆ ಗುಳಿಗೆಗಳನ್ನು ನುಂಗಿದ ಮೇಲೆ.

ಅಂಗಡಿಗೆ ಬರುವ ಒಬ್ಬ ಡಾಕ್ಟರ್ ಮೇಡಂ ಇದ್ದರು. ಬೀದರ್ ಕಡೆಯವರು. ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ, ಅಂದರೆ ಔಷಧ ವಿಜ್ಞಾನದಲ್ಲಿ ಪಿಜಿ ಮಾಡುತ್ತಿದ್ದರು. ಒಂದು ದಿನ ಸೂರ್ಯ ಚಂದ್ರ ಬರೆಯುತ್ತಿದ್ದ ನನ್ನ ಕೈಯನ್ನೇ ನೋಡುತ್ತ ನಿಂತರು. ಗಿರಾಕಿ ಹೋದ ಮೇಲೆ ಕೇಳಿದರು. "ಅಣ್ಣಾ, ಈ 12 ತಾಸು ನಿಮಗ ಯಾರು ಹೇಳಿದ್ರು?" ಯಾರೂ ಹೇಳಿರಲಿಲ್ಲ. ನಾನೇ ಲೆಕ್ಕ ಹಾಕಿದ್ದೆ. ಓಮೆಪ್ರಜೋಲ್ ರಕ್ತದಲ್ಲಿ ತುಂಬ ಹೊತ್ತು ಇರುವುದಿಲ್ಲ. ತಾಸೊಂದರಲ್ಲೇ ಅರ್ಧ ಖಾಲಿ. ಅಂದಮೇಲೆ 12 ತಾಸು ಬಿಟ್ಟರೆ ಪೂರಾ ಹೋಗಿರುತ್ತದೆ, ಅಲ್ವಾ? ಮೇಡಂ ನಗಲಿಲ್ಲ. "ಲೆಕ್ಕ ಸರಿ ಅದ. ಆದ್ರ ಲಿವರ್ ನಿಮ್ಮ ಲೆಕ್ಕ ಕೇಳಂಗಿಲ್ಲ" ಅಂದರು. ತಮ್ಮ ಥೀಸಿಸ್ ಇದೇ ವಿಷಯದ ಮೇಲೆ ಅಂತಲೂ, ಗಟ್ಟಿಮುಟ್ಟಾದ ಜನ ಬೇಕಾಗಿದ್ದಾರೆ ಅಂತಲೂ ಹೇಳಿದರು. ನನಗೆ 31 ವರ್ಷ. ಬೀಡಿ, ಗುಟ್ಕಾ ಇಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎಷ್ಟು ಜನರಿಗೆ ಸೂರ್ಯ ಚಂದ್ರ ಬರೆದು ಕೊಟ್ಟಿದ್ದೆನೋ ಅಂತ ಎಣಿಸುತ್ತಿದ್ದೆ. ಮರುದಿನ ಫೋನ್ ಮಾಡಿ ಬರುತ್ತೇನೆ ಅಂದೆ.

ಸುಮ್ನೆ ಹೋಗಿ ಗುಳಿಗೆ ನುಂಗಿ ಬರುವುದಲ್ಲ ಇದು. ಮೊದಲು ಒಪ್ಪಿಗೆ ಪತ್ರ. ಕನ್ನಡದಲ್ಲೇ ಇತ್ತು, ಹನ್ನೊಂದು ಪುಟ. ಅಲ್ಲೇ ಸಹಿ ಹಾಕಿಸಿಕೊಳ್ಳಲಿಲ್ಲ. ಮನೆಗೆ ಒಯ್ದು ಓದಿ, ಮನೆಯವರ ಜೊತೆ ಮಾತಾಡಿ ಬನ್ನಿ ಅಂದರು. ಜಗಲಿ ಮೇಲೆ ಕೂತು ಅಪ್ಪನಿಗೆ ಓದಿ ಹೇಳಿದೆ. ಅಪ್ಪನಿಗೆ ಸಿಟ್ಟೇ ಬಂತು.

"ಗಟ್ಟಿ ಇದ್ದಾಂವ ಗುಳಿಗಿ ಯಾಕ ನುಂಗ್ತಿ? ನಿನಗೇನು ರೋಗ ಬಂದದ?"

ಅದೇ ಕಾರಣಕ್ಕೆ ಗಟ್ಟಿ ಇದ್ದವರು ಬೇಕಪ್ಪಾ ಅಂದೆ. ನಿಮಗೆ ಬಿಪಿ ಗುಳಿಗೆ ಇದೆ, ಕೊಲೆಸ್ಟ್ರಾಲ್ ಗುಳಿಗೆ ಇದೆ, ಆಸ್ಪಿರಿನ್ ಇದೆ. ನಿಮ್ಮ ರಕ್ತ ನೋಡಿದರೆ ಯಾವುದು ಯಾವುದರ ಕೆಲಸ ಅಂತ ಬಿಡಿಸಲು ಆಗುವುದಿಲ್ಲ. ಅಷ್ಟೇ ಅಲ್ಲ, ನಿಮ್ಮ ಕ್ಲೊಪಿಡೋಗ್ರೆಲ್ ಮೂರು ವಾರ ನಿಲ್ಲಿಸಿ ನೋಡಲು ಬರುವುದಿಲ್ಲ. ಸ್ಟೆಂಟಿನಲ್ಲಿ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ನಾನು ನಿಲ್ಲಿಸಿದರೆ ನನಗೇನೂ ಆಗುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬ್ಯಾಡ ಅನಿಸಿದ್ರ ಬಿಟ್ಟು ಬರಬೌದೇನು?" ಅಂದರು. ಆ ಸಾಲು ಆರನೇ ಪುಟದಲ್ಲಿತ್ತು. ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು. "ಮತ್ತೊಮ್ಮಿ ಓದು" ಅಂದರು. ಓದಿದೆ.

ಆಮೇಲೆ ತಪಾಸಣೆ. ಇಸಿಜಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಣಿಕೆ, ಲಿವರ್, ಕಿಡ್ನಿ, ಮೂತ್ರ ಎಲ್ಲ ನೋಡಿದರು. ಪ್ರಶ್ನೆಗಳೇ ಜಾಸ್ತಿ ಇದ್ದವು. ಹೊಟ್ಟೆಯಲ್ಲಿ ಹುಣ್ಣು ಆಗಿತ್ತಾ? ಹಲ್ಲು ಕೀಳಿಸಿದಾಗ ರಕ್ತ ಬೇಗ ನಿಂತಿತಾ? ಮೂರು ತಿಂಗಳಲ್ಲಿ ರಕ್ತದಾನ ಮಾಡಿದ್ದೀರಾ? ಬೇರೆ ಯಾವುದಾದರೂ ಔಷಧ ಪರೀಕ್ಷೆಯಲ್ಲಿ ಇದ್ದೀರಾ? ಸಿಗರೇಟ್ ಸೇದುವವರನ್ನು ಕೈಬಿಟ್ಟರು, ಯಾಕೆಂದರೆ ಹೊಗೆಯಿಂದಲೇ ಕ್ಲೊಪಿಡೋಗ್ರೆಲ್ ಕೆಲಸದಲ್ಲಿ ಏರುಪೇರಾಗುತ್ತದೆ. ನನ್ನ ಜೊತೆ ಬಂದ ಒಬ್ಬ ಹುಡುಗನಿಗೆ ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಬಂತು. ಅವನನ್ನು ತಗೊಳ್ಳಲಿಲ್ಲ, ಆದರೆ ಮೆಡಿಸಿನ್ ವಿಭಾಗಕ್ಕೆ ಚೀಟಿ ಬರೆದು ಕಳಿಸಿದರು.

ಮಾಡಬಾರದವುಗಳ ಒಂದು ಹಾಳೆ ಕೊಟ್ಟರು. ನೋವಿನ ಗುಳಿಗೆ ನುಂಗಬಾರದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದೂ ಇಲ್ಲ. ತೀರಾ ತಲೆನೋವು ಬಂದರೆ ಪ್ಯಾರಾಸಿಟಮಾಲ್, ಅದೂ ಫೋನ್ ಮಾಡಿ ಹೇಳಿ. ಚಕ್ಕೋತ ಹಣ್ಣು ತಿನ್ನಬಾರದು. ಹಲ್ಲು ಕೀಳಿಸಬಾರದು. ಕಬಡ್ಡಿಯಂಥ ಮೈ ತಾಗುವ ಆಟ ಬೇಡ. ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ನೋವಿನ ಗುಳಿಗೆ ಮುಟ್ಟದೆ ಇರುವುದು ನನಗೆ ಕಷ್ಟವೇ ಆಯಿತು. ಸಂಜೆ ನಾಲ್ಕಕ್ಕೆ ತಲೆ ಸಿಡಿಯುವಾಗ ಕೈ ತಾನಾಗಿಯೇ ಆ ಡಬ್ಬಿ ಕಡೆ ಹೋಗುತ್ತಿತ್ತು.

ಒಟ್ಟು ಮೂರು ಸುತ್ತು, ಒಂದೊಂದು ಏಳು ದಿನದ್ದು. ಒಂದು ಸುತ್ತಿನಲ್ಲಿ ಬರೀ ಕ್ಲೊಪಿಡೋಗ್ರೆಲ್ 75 ಮಿಲಿಗ್ರಾಂ. ಒಂದರಲ್ಲಿ ಅದರ ಜೊತೆ ಓಮೆಪ್ರಜೋಲ್. ಇನ್ನೊಂದರಲ್ಲಿ ಪ್ಯಾಂಟೊಪ್ರಜೋಲ್. ಸುತ್ತು ಸುತ್ತಿನ ನಡುವೆ ಮೂರು ವಾರ ಏನೂ ಇಲ್ಲ. ಯಾರಿಗೆ ಯಾವುದು ಮೊದಲು ಅನ್ನುವುದು ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ. ನನಗೆ ಮೊದಲು ಪ್ಯಾಂಟೊಪ್ರಜೋಲ್ ಜೊತೆಗಿನದು, ಎರಡನೆಯದು ಬರೀ ಕ್ಲೊಪಿಡೋಗ್ರೆಲ್, ಕೊನೆಗೆ ಓಮೆಪ್ರಜೋಲ್ ಬಂತು. ಒಬ್ಬನೇ ಮನುಷ್ಯ ಮೂರನ್ನೂ ತಗೊಳ್ಳುತ್ತಾನೆ, ಅವನನ್ನು ಅವನ ಜೊತೆಗೇ ಹೋಲಿಸುತ್ತಾರೆ. ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್ ಅಕ್ಕನಿಗೆ ಮಾತ್ರ ಯಾರು ಏನು ನುಂಗಿದ್ದಾರೆ ಅಂತ ಗೊತ್ತಿರಬಾರದು. ಟ್ಯೂಬಿನ ಮೇಲೆ ನಂಬರ್ ಅಷ್ಟೇ. "ನನಗ ಹೇಳಬ್ಯಾಡ್ರಿ, ಬಾಯಿ ತಪ್ಪಿನೂ ಹೇಳಬ್ಯಾಡ್ರಿ" ಅಂತ ಆ ಅಕ್ಕ ಮೊದಲ ದಿನವೇ ಕೈ ಅಡ್ಡ ಮಾಡಿದ್ದರು.

ಮೂರು ವಾರದ ಬಿಡುವು ಯಾಕೆ ಅಂತ ಕೇಳಿದೆ. ಮೇಡಂ ಒಂದು ರಟ್ಟಿನ ಮೇಲೆ ಗೀಚಿ ತೋರಿಸಿದರು. ಕ್ಲೊಪಿಡೋಗ್ರೆಲ್ ನುಂಗಿದಾಗ ಅದು ಇನ್ನೂ ಔಷಧವೇ ಅಲ್ಲ. ನೂರು ರೂಪಾಯಿ ಒಳಗೆ ಹೋದರೆ ಸುಮಾರು 85 ರೂಪಾಯಿ ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿ ಹೋಗಿಬಿಡುತ್ತದೆ. ಉಳಿದ 15 ರೂಪಾಯಿಯನ್ನು ಲಿವರಿನ ಎಂಜೈಮ್‌ಗಳು ಎರಡು ಹಂತದಲ್ಲಿ ಬದಲಾಯಿಸಬೇಕು. ಆಗಲೇ ಅದು ಕೆಲಸ ಮಾಡುವ ಔಷಧ. ಆ ಕೆಲಸದಲ್ಲಿ ದೊಡ್ಡ ಪಾಲು ಸಿವೈಪಿ2ಸಿ19 ಅನ್ನುವ ಎಂಜೈಮಿನದು. ಹಾಗೆ ತಯಾರಾದದ್ದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಅರ್ಧ ತಾಸಿನಲ್ಲಿ ಅರ್ಧ ಹೋಗುತ್ತದೆ. ಆದರೆ ಅಷ್ಟರಲ್ಲಿ ಸಿಕ್ಕ ಪ್ಲೇಟ್‌ಲೆಟ್‌ಗಳ ಮೇಲಿನ ಪಿ2ವೈ12 ಅನ್ನುವ ಬೀಗಕ್ಕೆ ಅಂಟಿ ಕೂತುಬಿಡುತ್ತದೆ. ಮತ್ತೆ ಬಿಡುವುದೇ ಇಲ್ಲ. ಆ ಪ್ಲೇಟ್‌ಲೆಟ್ ಬದುಕಿರುವ ತನಕ, ಅಂದರೆ 7ರಿಂದ 10 ದಿನ, ಅದು ಮೊದಲಿನಂತೆ ಗುಂಪುಗೂಡುವುದಿಲ್ಲ. ಹೊಸ ಪ್ಲೇಟ್‌ಲೆಟ್ ಹುಟ್ಟಿ ಬರುವವರೆಗೆ ಕಾಯಬೇಕು. ಅದಕ್ಕೇ ಬಿಡುವು.

ಫೆಬ್ರವರಿ ಮಧ್ಯದಲ್ಲಿ ಶುರುವಾಯಿತು. ಏಳು ದಿನವೂ ಮುಂಜಾನೆ ಎಂಟಕ್ಕೆ ಬರಿ ಹೊಟ್ಟೆಯಲ್ಲಿ ಹೋಗಬೇಕು. ಅಳೆದ 240 ಮಿಲಿ ನೀರು, ಗುಳಿಗೆ, ಎದುರಿಗೇ ನುಂಗಬೇಕು. ನುಂಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ಟಾರ್ಚ್ ಹಾಕಿ ನೋಡುತ್ತಿದ್ದರು. ಆಮೇಲೆ ಎಲ್ಲರಿಗೂ ಒಂದೇ ನಾಷ್ಟಾ, ಒಂದೇ ಅಳತೆ. ನನಗೆ ಉಪ್ಪಿಟ್ಟು ಸೇರುವುದಿಲ್ಲ, ಆದರೂ ತಟ್ಟೆ ಖಾಲಿ ಮಾಡಿದೆ. ಅಂಗಡಿಯ ಮಾಲೀಕರು ಮಧ್ಯಾಹ್ನ ಬಂದರೆ ಸಾಕು ಅಂದಿದ್ದರು. ಕಳೆದ ಅರ್ಧ ದಿನಕ್ಕೂ ಓಡಾಟಕ್ಕೂ ಕಾಲೇಜಿನ ಕಡೆಯಿಂದ ದುಡ್ಡು ಕೊಡುತ್ತಿದ್ದರು. ಅದು ಎಷ್ಟು ಅಂತ, ಇಂಥ ಪರೀಕ್ಷೆಗಳ ಸರಿತಪ್ಪು ನೋಡುವ ನೈತಿಕ ಸಮಿತಿ ಮೊದಲೇ ಒಪ್ಪಿರಬೇಕಂತೆ. ಜಾಸ್ತಿ ಕೊಟ್ಟರೆ ಜನ ದುಡ್ಡಿಗಾಗಿ ರೋಗ ಮುಚ್ಚಿಟ್ಟು ಬರುತ್ತಾರೆ, ಅದು ಸರಿಯಾದ ಯೋಚನೆ ಅಂತಲೇ ನನಗೂ ಅನಿಸಿತು.

ಎಂಟನೇ ದಿನ ರಕ್ತ. ಆ ದಿನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಸೂಜಿ ಚುಚ್ಚುವಾಗ ತೋಳಿಗೆ ಪಟ್ಟಿ ಬಿಗಿಯಾಗಿ ಕಟ್ಟುವುದಿಲ್ಲ. ಮೊದಲು ಬಂದ ಸ್ವಲ್ಪ ರಕ್ತವನ್ನು ಬೇರೆ ಟ್ಯೂಬಿಗೆ ಬಿಟ್ಟು ಪಕ್ಕಕ್ಕಿಡುತ್ತಾರೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿಗೆ ಆಮೇಲೆ. ಪ್ಲೇಟ್‌ಲೆಟ್ ಬಹಳ ಸೂಕ್ಷ್ಮ. ಗಾಯ ಆಯಿತು ಅಂತ ಗೊತ್ತಾದ ಕೂಡಲೇ ಅದು ಕೆಲಸ ಶುರು ಮಾಡಿಬಿಡುತ್ತದೆ. ಟ್ಯೂಬನ್ನು ಜೋರಾಗಿ ಅಲುಗಾಡಿಸುವಂತಿಲ್ಲ. ಐಸಿನಲ್ಲೂ ಇಡುವಂತಿಲ್ಲ, ತಣ್ಣಗಾದರೂ ಅದಕ್ಕೆ ಎಚ್ಚರವಾಗುತ್ತದೆ. ಎಲ್ಲವನ್ನೂ ನಾಲ್ಕು ತಾಸಿನೊಳಗೆ ಮುಗಿಸಬೇಕು.

ಟೆಕ್ನಿಷಿಯನ್ ಅಕ್ಕ ನನ್ನನ್ನು ಒಳಗೆ ಕರೆದು ತೋರಿಸಿದರು. ಸೆಂಟ್ರಿಫ್ಯೂಜಿನಲ್ಲಿ ನಿಧಾನಕ್ಕೆ ತಿರುಗಿಸಿದ ಮೇಲೆ ಕೆಂಪೆಲ್ಲ ಕೆಳಗೆ ಕೂತಿತ್ತು. ಮೇಲೆ ಹಳದಿ ಬಣ್ಣದ ನೀರು, ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು ಮಬ್ಬು. ಆ ಮಬ್ಬೇ ಪ್ಲೇಟ್‌ಲೆಟ್. ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುವಿದರೆ ಒಳಗೆ ಹೊಗೆ ಸುತ್ತಿದ ಹಾಗೆ ಒಂದು ಮಿನುಗು ಕಾಣುತ್ತಿತ್ತು. "ಹಿಂಗ ಮಿನುಗಿದ್ರ ಚಲೋ ಅವ ಅಂತ ತಿಳೀಬೇಕು" ಅಂದರು. ನನ್ನ ಮೈಯೊಳಗಿನದನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು.

ಅದರಲ್ಲಿ ಸ್ವಲ್ಪವನ್ನು ಬೆರಳುದ್ದದ ಗಾಜಿನ ಕೊಳವೆಗೆ ಹಾಕಿ ಯಂತ್ರದಲ್ಲಿಟ್ಟರು. ಅಲ್ಲಿ 37 ಡಿಗ್ರಿ, ನಮ್ಮ ಮೈಯ ಬಿಸಿ. ಒಳಗೆ ಅಕ್ಕಿ ಕಾಳಿಗಿಂತ ಸಣ್ಣ ತಂತಿಯ ಚೂರು ತಿರುಗುತ್ತಿರುತ್ತದೆ. ಒಂದು ಕಡೆಯಿಂದ ಬೆಳಕು ಬಿಡುತ್ತಾರೆ. ಮಬ್ಬು ಇರುವಾಗ ಬೆಳಕು ದಾಟುವುದಿಲ್ಲ. ಆಮೇಲೆ ಎಡಿಪಿ ಅನ್ನುವ ರಾಸಾಯನಿಕದ ಒಂದು ಹನಿ. ಗಾಯ ಆದಾಗ ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯುವುದೇ ಇದರಿಂದ. ಹನಿ ಬಿದ್ದ ಕೂಡಲೇ ಅವು ಗುಂಪುಗೂಡುತ್ತವೆ. ಹಾಲು ಒಡೆದಾಗ ಗಟ್ಟಿ ಬೇರೆ, ನೀರು ಬೇರೆ ಆಗುತ್ತದಲ್ಲ, ಹಾಗೆ. ನೀರು ತಿಳಿಯಾಗುತ್ತದೆ, ಬೆಳಕು ದಾಟುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಔಷಧ ಕೆಲಸ ಮಾಡಿದ್ದರೆ ಹಾಲು ಅರೆಬರೆ ಒಡೆಯುತ್ತದೆ. ಗೆರೆ ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ.

ಗುಳಿಗೆ ಶುರು ಮಾಡುವ ಮುಂಚಿನ ನನ್ನ ಗೆರೆ ಕಡಿದಾದ ಗುಡ್ಡದ ಹಾಗಿತ್ತು ಅಂತ ಆಮೇಲೆ ತೋರಿಸಿದರು. ಮೇಲೆ ಹತ್ತಿ ಅಲ್ಲೇ ನಿಂತಿತ್ತು. ಉಳಿದವನ್ನು ಎಲ್ಲ ಮುಗಿಯುವವರೆಗೂ ತೋರಿಸಲಿಲ್ಲ.

ಎರಡನೇ ಸುತ್ತಿನ ಹೊತ್ತಿಗೆ ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬಂತು. ತೇರಿನ ದಿನ ಮುಂಜಾನೆ ಅವಸರದಲ್ಲಿ ಗಡ್ಡ ತೆಗೆಯುವಾಗ ಗದ್ದದ ಕೆಳಗೆ ಬ್ಲೇಡ್ ತಾಗಿತು. ಸಾಸಿವೆ ಕಾಳಿನಷ್ಟು ಗಾಯ. ಮಾಮೂಲಾದರೆ ನೀರು ಹಚ್ಚಿ ಮರೆತುಬಿಡುತ್ತಿದ್ದೆ. ಅವತ್ತು ಒರೆಸಿದರೆ ಮತ್ತೆ ಬರುತ್ತಿತ್ತು. ಪಟಿಕ ಒತ್ತಿದೆ, ಮತ್ತೆ ಬಂತು. ಟವೆಲ್ಲಿನ ಮೂಲೆ ಕೆಂಪಾಯಿತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಮಾತೇ ಇಲ್ಲ. ಕಾಲು ತಾಸಿನ ಮೇಲೆ ನಿಂತಿತು. ಮೇಡಂಗೆ ಫೋನ್ ಮಾಡಿದೆ. ಬರಲು ಹೇಳಿದರು, ನೋಡಿದರು, ಬರೆದುಕೊಂಡರು. ಅಷ್ಟು ಸಣ್ಣದನ್ನೂ ಬರೆದುಕೊಳ್ಳಬೇಕಾ ಅಂದೆ. "ಎಲ್ಲಾ ಬರೀಬೇಕು" ಅಂದರು.

ಆ ದಿನ ನನಗೆ ಅಪ್ಪ ನೆನಪಾದರು. ಅವರು ದಿನಾ ಹೀಗೇ ಬದುಕುತ್ತಾರೆ. ಎರಡು ವರ್ಷದಿಂದ ಕೈಗೆ ಏನಾದರೂ ತಾಗಿದರೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂರುತ್ತಾರೆ. ನಾನು ಅದನ್ನು ವಯಸ್ಸು ಅಂದುಕೊಂಡಿದ್ದೆ. ಗಾಯದ್ದಾದರೆ ಕಣ್ಣಿಗೆ ಕಾಣುತ್ತದೆ. ಹೊಟ್ಟೆಯೊಳಗೆ ಹೀಗೆ ಜಿನುಗಿದರೆ? ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ ಇದ್ದವರಿಗೆ ಗ್ಯಾಸಿನ ಗುಳಿಗೆ ಬರೆಯುವುದು ಸುಮ್ನೆ ಅಲ್ಲ. ಅದು ಹೊಟ್ಟೆಯ ರಕ್ತಸ್ರಾವ ತಡೆಯಲು. ಈ ಮಾತನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದನ್ನು ಓದಿ ಯಾರಾದರೂ ಗ್ಯಾಸಿನ ಗುಳಿಗೆಯನ್ನೇ ಬಿಟ್ಟುಬಿಟ್ಟಾರು. ದಯವಿಟ್ಟು ಬಿಡಬೇಡಿ. ಎರಡರಲ್ಲಿ ಯಾವುದನ್ನೂ ಡಾಕ್ಟರನ್ನು ಕೇಳದೆ ಬಿಡಬೇಡಿ.

ಮೂರನೇ ಸುತ್ತು ಏಪ್ರಿಲಿನಲ್ಲಿ. ಕಲಬುರಗಿಯ ಏಪ್ರಿಲ್ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಮುಂಜಾನೆ ಎಂಟಕ್ಕೇ ಬಿಸಿಲು ಚುರುಕು. ಎಂಟನೇ ದಿನ ಎಡಗೈಯಲ್ಲಿ ನರ ಸರಿಯಾಗಿ ಸಿಗಲಿಲ್ಲ. ಸೂಜಿ ಒಳಗೆ ಅತ್ತಿತ್ತ ಆಡಿಸಿದರೆ ಪ್ಲೇಟ್‌ಲೆಟ್ ಕೆರಳುತ್ತವೆ ಅಂತ ಅಲ್ಲೇ ನಿಲ್ಲಿಸಿ ಬಲಗೈಗೆ ಬಂದರು. ರಕ್ತ ತೆಗೆದಾಯಿತು, ಸೆಂಟ್ರಿಫ್ಯೂಜ್ ತಿರುಗುತ್ತಿತ್ತು. ಕರೆಂಟ್ ಹೋಯಿತು. ಇನ್ವರ್ಟರಿಗೆ ಆ ಯಂತ್ರಗಳ ಭಾರ ತಡೆಯದು. ಎಸಿ ನಿಂತಿತು. ಕೋಣೆ ಬಿಸಿಯಾಗತೊಡಗಿತು. ಮುಕ್ಕಾಲು ತಾಸು ಆದ ಮೇಲೆ ಕರೆಂಟ್ ಬಂತು. ನಾಲ್ಕು ತಾಸಿನ ಗಡುವಿಗೆ ಇನ್ನೂ ಸಮಯವಿತ್ತು, ಬೇಕಿದ್ದರೆ ಮುಂದುವರಿಸಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಮೇಡಂ ಟ್ಯೂಬನ್ನು ಬೆಳಕಿಗೆ ಹಿಡಿದು ತಿರುವಿದರು. ಮಿನುಗು ಕಾಣಲಿಲ್ಲ. ಸೀದಾ ಹೋಗಿ ಚೆಲ್ಲಿಬಿಟ್ಟರು.

"ಅಣ್ಣಾ, ಮತ್ತೊಮ್ಮಿ ಕೊಡ್ತೀರೇನು? ಒಲ್ಲೆ ಅಂದ್ರೂ ನಡೀತದ."

ನನಗೆ ಎರಡು ಕೈಯೂ ನೋಯುತ್ತಿದ್ದವು. ಆದರೆ ಆ ಚೆಲ್ಲಿದ ಟ್ಯೂಬು ನೋಡಿದ ಮೇಲೆ ಒಲ್ಲೆ ಅನ್ನಲು ಮನಸ್ಸು ಬರಲಿಲ್ಲ. ಕೆಟ್ಟ ರಕ್ತದಿಂದ ಬಂದ ಗೆರೆ ಎಲ್ಲೋ ಒಂದು ಪಟ್ಟಿಯಲ್ಲಿ ಸೇರಿ, ಅದರ ಮೇಲೆ ಯಾರೋ ಡಾಕ್ಟರು ಯಾರಿಗೋ ಔಷಧ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು. ಕೈ ಚಾಚಿದೆ. ಎರಡನೇ ಸಲ ತೆಗೆದದ್ದನ್ನೂ, ಕರೆಂಟ್ ಹೋದದ್ದನ್ನೂ ಬರೆದು ನೈತಿಕ ಸಮಿತಿಗೆ ಕಳಿಸಿದರು.

ಮುಗಿದ ಮೇಲೆ, ಜೂನಿನಲ್ಲಿ ಒಂದು ಸಂಜೆ ಮೇಡಂ ನನ್ನ ಗೆರೆಗಳನ್ನು ಮೇಜಿನ ಮೇಲೆ ಹರಡಿದರು. ಬರೀ ಕ್ಲೊಪಿಡೋಗ್ರೆಲ್ ಸುತ್ತಿನಲ್ಲಿ ಗುಡ್ಡ ಅರ್ಧಕ್ಕೂ ಕೆಳಗೆ ಇಳಿದಿತ್ತು. ಪ್ಯಾಂಟೊಪ್ರಜೋಲ್ ಜೊತೆ ಅದಕ್ಕಿಂತ ಒಂದಿಷ್ಟೇ ಮೇಲೆ. ಓಮೆಪ್ರಜೋಲ್ ಜೊತೆಗಿನದು ಇವೆರಡನ್ನೂ ದಾಟಿ ಮೇಲಕ್ಕೆ ಹತ್ತಿತ್ತು, ಅಂದರೆ ಔಷಧದ ಕೆಲಸ ಕಡಿಮೆಯಾಗಿತ್ತು. ಏಳು ದಿನ ಅದೇ ಕ್ಲೊಪಿಡೋಗ್ರೆಲ್, ಅದೇ ನೀರು, ಅದೇ ಹೊತ್ತು, ಅದೇ ನಾನು. "ಒಬ್ಬರ ಗೆರಿಯಿಂದ ಏನೂ ಹೇಳಾಕ ಬರಂಗಿಲ್ಲ" ಅಂತ ಮೇಡಂ ಮೂರು ಸಲ ಹೇಳಿದರು. ಆದರೆ ಇದನ್ನು ಮೊದಲೇ ದೊಡ್ಡದಾಗಿ ನೋಡಿದವರಿದ್ದಾರೆ. 72 ಆರೋಗ್ಯವಂತರಿಗೆ ಕ್ಲೊಪಿಡೋಗ್ರೆಲ್ ಜೊತೆ 80 ಮಿಲಿಗ್ರಾಂ ಓಮೆಪ್ರಜೋಲ್ ಐದು ದಿನ ಕೊಟ್ಟಾಗ ರಕ್ತದಲ್ಲಿ ಕೆಲಸದ ಔಷಧ ಮೊದಲ ದಿನ ಶೇ. 46, ಐದನೇ ದಿನ ಶೇ. 42 ಕಡಿಮೆಯಾಗಿತ್ತು. ಪ್ಯಾಂಟೊಪ್ರಜೋಲ್ ಅಷ್ಟೇ ಪ್ರಮಾಣದಲ್ಲಿ ಕೊಟ್ಟಾಗ ಇಳಿಕೆ ಶೇ. 20 ಮತ್ತು 14. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರ ನವೆಂಬರಿನಲ್ಲಿ ಕ್ಲೊಪಿಡೋಗ್ರೆಲ್, ಓಮೆಪ್ರಜೋಲ್ ಇವೆರಡನ್ನು ಒಟ್ಟಿಗೆ ಕೊಡಬೇಡಿ ಅಂತ ಎಚ್ಚರಿಸಿದ್ದು ಇಂಥ ಪರೀಕ್ಷೆಗಳ ಮೇಲೆಯೇ. ಇನ್ನೊಂದು ಗ್ಯಾಸಿನ ಗುಳಿಗೆ ಎಸೊಮೆಪ್ರಜೋಲ್‌ಗೂ ಅದೇ ಎಚ್ಚರಿಕೆ.

ಆಮೇಲೆ ನನ್ನ 12 ತಾಸಿಗೆ ಬಂದರು. ಇನ್ನೂ 72 ಜನರಿಗೆ ಅದೇ ಔಷಧಗಳನ್ನು 12 ತಾಸು ಬಿಟ್ಟು ಕೊಟ್ಟು ನೋಡಿದ್ದರು. ಇಳಿಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಯಾಕೆ ಅಂದರೆ ಓಮೆಪ್ರಜೋಲ್ ಆ ಎಂಜೈಮಿನ ಹತ್ತಿರ ಬಂದು ಹೋಗುವ ನೆಂಟ ಅಲ್ಲ. ಎಂಜೈಮ್ ಅದನ್ನು ಒಡೆಯಲು ಹೋದಾಗಲೇ ಅದಕ್ಕೆ ಅಂಟಿ ಕೂತು ಕೆಡಿಸುತ್ತದೆ. ರಕ್ತದಿಂದ ಓಮೆಪ್ರಜೋಲ್ ಖಾಲಿಯಾದರೂ ಕೆಟ್ಟ ಎಂಜೈಮ್ ಕೆಟ್ಟೇ ಇರುತ್ತದೆ. ಲಿವರ್ ಹೊಸದನ್ನು ಮಾಡುವವರೆಗೆ ಕಾಯಬೇಕು. ನಾನು ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಎಣಿಸುತ್ತಿದ್ದೆ. ಎಣಿಸಬೇಕಾದದ್ದು ಅದು ಮಾಡಿ ಹೋದದ್ದನ್ನು.

ಇಷ್ಟಾದರೂ ಇದು ಮುಗಿದ ವಿಷಯ ಅಲ್ಲ ಅಂತಲೂ ಹೇಳಬೇಕು. 2010ರಲ್ಲಿ ಕೋಜೆಂಟ್ ಅನ್ನುವ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ತಗೊಳ್ಳುತ್ತಿದ್ದ 3,761 ರೋಗಿಗಳು. ಓಮೆಪ್ರಜೋಲ್ ತಗೊಂಡವರಲ್ಲಿ ಹೃದಯದ ತೊಂದರೆ ಶೇ. 4.9, ತಗೊಳ್ಳದವರಲ್ಲಿ ಶೇ. 5.7. ಅಂದರೆ ಹೆಚ್ಚಾಗಲಿಲ್ಲ. ಹೊಟ್ಟೆಯ ತೊಂದರೆ ಮಾತ್ರ ಶೇ. 2.9ರಿಂದ 1.1ಕ್ಕೆ ಇಳಿದಿತ್ತು. ಆದರೆ ಆ ಪರೀಕ್ಷೆ ನಡೆಸುತ್ತಿದ್ದವರಿಗೆ ದುಡ್ಡು ನಿಂತು ಅರ್ಧಕ್ಕೇ ಮುಗಿಸಬೇಕಾಯಿತು. ಗಾಜಿನ ಕೊಳವೆಯಲ್ಲಿ ಕಂಡದ್ದೆಲ್ಲ ಮನುಷ್ಯನ ಎದೆಯಲ್ಲಿ ಹಾಗೇ ಆಗಬೇಕೆಂದಿಲ್ಲ. ನನ್ನ ಮಟ್ಟಿಗೆ ಲೆಕ್ಕ ಸರಳ. ಪ್ಯಾಂಟೊಪ್ರಜೋಲ್ ಅದೇ ಅಂಗಡಿಯಲ್ಲಿ, ಪಕ್ಕದ ಡಬ್ಬಿಯಲ್ಲೇ ಇದೆ. ಹೊಟ್ಟೆಯನ್ನೂ ಕಾಯುತ್ತದೆ, ಎಂಜೈಮಿನ ತಂಟೆಗೂ ಜಾಸ್ತಿ ಹೋಗುವುದಿಲ್ಲ. ಹಾಗಿರುವಾಗ ಸಂಶಯ ಇರುವುದನ್ನು ಯಾಕೆ ನುಂಗಬೇಕು?

ಕೊನೆಗೆ ಮೇಡಂ ಇನ್ನೊಂದು ಹಾಳೆ ಕೊಟ್ಟರು. ಶುರುವಿನಲ್ಲೇ ತೆಗೆದಿದ್ದ ರಕ್ತದಿಂದ ಜೀನ್ ಪರೀಕ್ಷೆ ಮಾಡಿಸಿದ್ದರು. ಸಿವೈಪಿ2ಸಿ19 ಮಾಡುವ ಜೀನ್ ಎಲ್ಲರಿಗೂ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ನನ್ನ ಒಂದು ಪ್ರತಿ ಕೆಲಸ ಮಾಡುವುದಿಲ್ಲ. ಇಂಥವರು ಯುರೋಪಿಗಿಂತ ನಮ್ಮ ದೇಶದಲ್ಲಿ ಜಾಸ್ತಿ. ಎರಡೂ ಪ್ರತಿ ಕೆಟ್ಟಿದ್ದರೆ ಕ್ಲೊಪಿಡೋಗ್ರೆಲ್ ಕೆಲಸ ಮಾಡುವುದು ತೀರಾ ಕಡಿಮೆ. ಎಫ್‌ಡಿಎ 2010ರ ಮಾರ್ಚಿನಲ್ಲಿ ಅದಕ್ಕೂ ದೊಡ್ಡ ಎಚ್ಚರಿಕೆ ಹಾಕಿಸಿತು. ಆ ಹಾಳೆ ಹಿಡಿದು ನಾನು ಅಪ್ಪನ ಬಗ್ಗೆ ಯೋಚಿಸುತ್ತಿದ್ದೆ. ಈ ಕೆಲಸ ಮಾಡದ ಪ್ರತಿ ಅವ್ವನಿಂದ ಬಂತೋ, ಅಪ್ಪನಿಂದ ಬಂತೋ? ಅಪ್ಪನಿಂದ ಬಂದಿದ್ದರೆ, ಮೊದಲೇ ಅರ್ಧ ಬಲದ ಎಂಜೈಮನ್ನು ಎರಡು ವರ್ಷ ನಾನೇ ಚಂದ್ರನ ಗುರುತು ಹಾಕಿ ಕೆಡಿಸುತ್ತ ಬಂದಿದ್ದೆ.

ಮರುದಿನ ಅಂಗಡಿಗೆ ಹೋಗಲಿಲ್ಲ. ಅಪ್ಪನನ್ನು ಅವರ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಾಳೆ ತೋರಿಸಿದೆ, ಎಲ್ಲ ಹೇಳಿದೆ. ಅವರು ಓಮೆಪ್ರಜೋಲ್ ಹೊಡೆದು ಹಾಕಿ ಪ್ಯಾಂಟೊಪ್ರಜೋಲ್ ಬರೆದರು. ಅಪ್ಪನಿಗೂ ಜೀನ್ ಪರೀಕ್ಷೆ ಬರೆದರು, ಬೇಕಾದರೆ ಆ ಎಂಜೈಮಿನ ಹಂಗಿಲ್ಲದ ಬೇರೆ ಔಷಧ ಇದೆ, ರಿಪೋರ್ಟ್ ಬರಲಿ, ಅಲ್ಲಿಯವರೆಗೆ ಕ್ಲೊಪಿಡೋಗ್ರೆಲ್ ಒಂದು ದಿನವೂ ತಪ್ಪಿಸಬೇಡಿ ಅಂದರು. ಹೊರಗೆ ಬಂದ ಮೇಲೆ ಅಪ್ಪ ನನ್ನ ಬಲಗೈ ಹಿಡಿದು ತೋಳು ಮಡಿಸುವ ಜಾಗ ನೋಡಿದರು. ಚುಚ್ಚಿದ ಕಲೆ ಮಾಸಿತ್ತು. "ನೋವು ಅದನು?" ಅಂದರು. ಇಲ್ಲ ಅಂದೆ.

ಅಂಗಡಿಯಲ್ಲಿ ನಾನು ಸೂರ್ಯ ಚಂದ್ರ ಬರೆದು ಕೊಟ್ಟವರ ಹೆಸರೆಲ್ಲ ನನ್ನ ಹತ್ತಿರ ಇಲ್ಲ. ತಿಂಗಳ ಗುಳಿಗೆಗೆ ಬಂದಾಗ ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ. ಆಳಂದ ರಸ್ತೆಯ ಕಡೆಯಿಂದ ಬರುವ ಒಬ್ಬ ನಿವೃತ್ತ ಮಾಸ್ತರು ಇದ್ದಾರೆ. ಮೂರು ವರ್ಷದಿಂದ ನನ್ನ ಮಾತು ಕೇಳಿ ಗಡಿಯಾರ ನೋಡಿಕೊಂಡು 12 ತಾಸು ಬಿಟ್ಟು ನುಂಗುತ್ತಿದ್ದವರು. ಅವರಿಗೆ ಹೇಳುವಾಗ ಗಂಟಲು ಕಟ್ಟಿತು. "ಮಾಸ್ತರ್ರ, ನಾ ನಿಮಗ ತಪ್ಪು ಹೇಳಿದ್ದೆ" ಅಂದೆ. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಕೌಂಟರಿನ ಮೇಲೆ ಬಿಡಿಸಿಟ್ಟರು.

"ಬರೆದು ಕೊಡು ತಮ್ಮಾ. ನಾಳಿ ಡಾಕ್ಟರ್ ಹಂತೇಲಿ ಹೊಂಟೀನಿ. ನನಗ ಬಾಯಲೆ ಹೇಳಾಕ ಬರಂಗಿಲ್ಲ."

ಬಿಲ್ಲಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದೆ. ಕ್ಲೊಪಿಡೋಗ್ರೆಲ್ ಜೊತೆ ಓಮೆಪ್ರಜೋಲ್ ನಡೆಯುತ್ತಿದೆ, ದಯವಿಟ್ಟು ನೋಡಿ. ಕೆಳಗೆ ನನ್ನ ಹೆಸರು, ಅಂಗಡಿಯ ಫೋನ್ ನಂಬರು ಹಾಕಿದೆ. ಮಾಸ್ತರು ಅದನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.